ಪಡುವಣ ಬುರುಜಿನ ಬೇರು

ಕೆಲಸದವರು ಅವಳನ್ನು ಬಿಗಿಯಕ್ಕ ಎಂದು ಕರೆಯುತ್ತಿದ್ದರು. ಬೆಟ್ಟದ ಮೇಲಿನ ಹಳೆಯ ಕೋಟೆಯ ಗೋಡೆಗಳಲ್ಲಿ, ಕಲ್ಲು ಕಲ್ಲಿನ ಸಂದಿಯಲ್ಲಿ, ವರ್ಷವರ್ಷವೂ ಗಿಡ ಹುಟ್ಟುತ್ತದೆ. ಹಕ್ಕಿ ಬೀಜ ಉದುರಿಸಿ ಹೋಗುತ್ತದೆ, ಮಳೆ ನೀರು ಕುಡಿಸುತ್ತದೆ, ಬೇರು ಬಲಿತು ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಅಂಥ ಗಿಡಗಳನ್ನು ಎಳೆಯದಾಗಿರುವಾಗಲೇ ಕಿತ್ತುಹಾಕುವುದು ಅವಳ ಅಪ್ಪನ ಕೆಲಸವಾಗಿತ್ತು. ಅಪ್ಪನ ತರುವಾಯ ಅದು ಅವಳಿಗೂ ಅವಳ ತಮ್ಮನಿಗೂ ಬಂತು. ತಮ್ಮ ಸೊಂಟಕ್ಕೂ ತೊಡೆಗೂ ಪಟ್ಟಿ ಕಟ್ಟಿಕೊಂಡು ಗೋಡೆಯ ಹೊರಮೈಗೆ ಇಳಿಯುತ್ತಿದ್ದ. ಅವಳು ಮೇಲೆ ಕೂತು, ಕಲ್ಲುಗೂಟಕ್ಕೆ ಸುತ್ತಿದ ಹಗ್ಗವನ್ನು ಬೇಕಾದಷ್ಟೇ ಸಡಿಲ ಬಿಡುತ್ತ, ಬೇಕಾದಾಗ ಎಳೆದುಕೊಳ್ಳುತ್ತ ಇರುತ್ತಿದ್ದಳು.

ಅವನು ಇಳಿಯುವ ಮೊದಲು ಗಂಟು ಮುಟ್ಟಿ, "ಬಿಗಿಯಾಗಿದೆಯಾ?" ಎಂದು ಕೇಳುವಳು. ಅವನು ಹೂಂ ಎಂದರೆ ಇನ್ನೊಮ್ಮೆ ಕೇಳುವಳು. ಅವನು ಅಂಚಿನಾಚೆ ಕಾಲು ಇಳಿಬಿಟ್ಟ ಮೇಲೂ ಸುಮ್ಮನಾಗುತ್ತಿರಲಿಲ್ಲ. ಕೋಟೆಯಲ್ಲಿ ಸುಣ್ಣದ ಗಾರೆ ಅರೆಯುತ್ತ ಮುದುಕನಾದ ಗಾರೆಯಜ್ಜ ಇದನ್ನು ನೋಡಿ ನಗುತ್ತಿದ್ದ.

"ತಾಯೀ, ನೀನು ಹಿಂಗೇ ಕೇಳ್ತಾ ಇದ್ರೆ ಗಂಟಿಗೇ ಬೇಜಾರಾಗಿ ಬಿಚ್ಕೊಂಡುಬಿಡುತ್ತೆ."

ಅವಳಿಗೆ ನಗು ಬರುತ್ತಿರಲಿಲ್ಲ. ತಾಯಿ ಹೋದಾಗ ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ ಅವಳು. ಮದುವೆಯ ಮಾತು ಬಂದಾಗಲೆಲ್ಲ, ಇವನು ದೊಡ್ಡವನಾಗಲಿ ಎಂದಳು. ಅವನು ದೊಡ್ಡವನಾಗಿ, ಮದುವೆಯಾಗಿ, ಕೂದಲು ನರೆತು, ಈಗ ಅವನ ಮನೆಯ ಮೇಲ್ಕೋಣೆಯೇ ಅವಳ ಮನೆ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ನೆತ್ತಿಯ ಮೇಲೆ ಕೋಟೆ. ಮಲಗುವಾಗ ಕಣ್ಣಿಗೆ ಬೀಳಬಾರದೆಂದು ಮಂಚವನ್ನು ಎದುರು ಗೋಡೆಗೆ ತಿರುಗಿಸಿಕೊಂಡಿದ್ದಳು.

ಆ ಕೋಟೆ ಒಬ್ಬರು ಕಟ್ಟಿಸಿದ್ದಲ್ಲ. ಬುಡದಲ್ಲಿರುವುದು ಆನೆಗಾತ್ರದ ಕಲ್ಲುಗಳು, ನಡುವೆ ಸುಣ್ಣವಿಲ್ಲ, ಮಣ್ಣಿಲ್ಲ. ಒಂದರ ಅಂಚು ಇನ್ನೊಂದರ ಅಂಚಿಗೆ ಕೂದಲು ತೂರದ ಹಾಗೆ ಕೂತಿವೆ. ಅದರ ಮೇಲೆ ನಂತರ ಬಂದ ಅರಸರು ಚಿಕ್ಕ ಕಲ್ಲುಗಳನ್ನು ಗಾರೆ ಹಾಕಿ ಏರಿಸಿದರು. ಎಲ್ಲಕ್ಕಿಂತ ಮೇಲೆ, ಬಂದೂಕು ಬಂದ ಕಾಲದಲ್ಲಿ, ಯಾವುದೋ ಸೈನ್ಯ ಗುಂಡು ಹಾರಿಸುವ ಕಿಂಡಿಗಳಿಟ್ಟು ಇಟ್ಟಿಗೆಯ ಅಡ್ಡಗೋಡೆ ಕಟ್ಟಿಸಿತು. ನೋಡಲು ಬಂದವರು ಬಾಗಿಲ ಕಮಾನಿನ ಬಳ್ಳಿಗಳನ್ನೂ, ಮದ್ದಿನ ಮನೆಯ ಚಾವಣಿಯಲ್ಲಿ ಅರಳಿದ ಕಲ್ಲುಹೂಗಳನ್ನೂ ಕತ್ತೆತ್ತಿ ನೋಡಿ ಹೋಗುತ್ತಿದ್ದರು. ಬಿಗಿಯಕ್ಕನಿಗೆ ಗೊತ್ತಿದ್ದ ಕೋಟೆ ಬೇರೆಯೇ. ಎಲ್ಲಿ ಹಗ್ಗ ತೇಯುತ್ತದೆ, ಎಲ್ಲಿ ಇಟ್ಟಿಗೆ ಪುಡಿಯಾಗುತ್ತದೆ, ಎಲ್ಲಿ ಗಾಳಿ ತಿರುಗುತ್ತದೆ, ಅಷ್ಟೇ. ಗೋಡೆಯ ಹೊರಮುಖವನ್ನು ಹತ್ತಿರದಿಂದ ಅವಳು ಒಮ್ಮೆಯೂ ಕಂಡವಳಲ್ಲ.

ಆ ವರ್ಷ ಪಡುವಣ ಬುರುಜು ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟುಕೊಂಡಿತ್ತು. ಕೋಟೆಯ ದುರಸ್ತಿ ನೋಡಿಕೊಳ್ಳುವ ಇಂಜಿನಿಯರ್ ಬಂದು, ಕೆಳಗಿನ ರಸ್ತೆಯಿಂದ ದುರ್ಬೀನು ಹಿಡಿದು ನೋಡಿ, ಮುಖ ಸಣ್ಣಗೆ ಮಾಡಿಕೊಂಡ. ಬುರುಜಿನ ನಡುಮೈಯಲ್ಲಿ, ಮುಂಚಾಚಿದ ಕಲ್ಲಿನ ನೆರಳಲ್ಲಿ, ಯಾರ ಕಣ್ಣಿಗೂ ಬೀಳದೆ ಒಂದು ಗಿಡ ಮರವಾಗಿ ಕೂತಿತ್ತು. ಅದರ ನೇರ ಕೆಳಗೆ ಇಳಿಜಾರು, ಇಳಿಜಾರಿನ ಕೆಳಗೆ ರಸ್ತೆ, ರಸ್ತೆಯ ಆಚೆಬದಿಯಲ್ಲಿ ಮನೆಗಳು. ಯಂತ್ರದ ಏಣಿ ಆ ಬೆಟ್ಟ ಹತ್ತುವುದಿಲ್ಲ.

"ಒಂದೇ ಸಲ ಕೀಳಬೇಡಿ," ಎಂದ ಇಂಜಿನಿಯರ್. "ಬೇರು ಕಲ್ಲನ್ನ ತಳ್ತಾನೂ ಇದೆ, ಹಿಡ್ಕೊಂಡೂ ಇದೆ. ತುಂಡು ತುಂಡಾಗಿ ಕೊಯ್ದು, ಆ ಜಾಗಕ್ಕೆ ಕಲ್ಲಿನ ಚಕ್ಕೆ ತುಂಬ್ತಾ ಹೋಗಿ. ಮಳೆಗೆ ಮೊದ್ಲು ಮುಗೀಬೇಕು."

ತಮ್ಮ ತಲೆಯಾಡಿಸಿದ. ಆದರೆ ಅವನು ಇಂಜಿನಿಯರ್ ಬಾಯಿಯನ್ನೇ ದಿಟ್ಟಿಸಿ ನೋಡುತ್ತಿದ್ದುದು ಬಿಗಿಯಕ್ಕನಿಗೆ ವಿಚಿತ್ರವೆನಿಸಿತು.

ಅದಾದ ಮೇಲೆ ಅವಳು ಗಮನಿಸಲು ಶುರುಮಾಡಿದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಟೀ ಕೆಟಲು ಸಿಳ್ಳೆ ಹೊಡೆಯುತ್ತಿತ್ತು. ಮೇಲ್ಕೋಣೆಯಲ್ಲಿದ್ದ ಅವಳಿಗೆ ಕೇಳಿಸಿತು, ಓಡಿ ಬಂದಳು. ತಮ್ಮ ಒಲೆಯ ಪಕ್ಕದ ಸ್ಟೂಲಿನ ಮೇಲೆ ಪೇಪರು ಓದುತ್ತ ಆರಾಮಾಗಿ ಕೂತಿದ್ದ. ನೀರು ಆವಿಯಾಗಿ ಪಾತ್ರೆಯ ತಳ ಕೆಂಪಾಗುತ್ತಿತ್ತು. ಅವಳು ಒಲೆ ಆರಿಸಿದಳು. ಆಗಲೂ ಅವನು ತಲೆ ಎತ್ತಲಿಲ್ಲ. ಹಿಂದೆ ನಿಂತು ಮೆಲ್ಲಗೆ "ತಮ್ಮಾ" ಎಂದಳು. ಸ್ವಲ್ಪ ಜೋರಾಗಿ ಎಂದಳು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ನಾದಿನಿಗೆ, ತಮ್ಮನ ಹೆಂಡತಿಗೆ, ಕೇಳಿ, ಅವಳು ಓಗೊಟ್ಟಳು. ಅವನು ಹಾಳೆ ಮಗುಚಿದ.

ಕೋಟೆಗೆ ಹತ್ತುವ ದಾರಿಯಲ್ಲಿ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಎಷ್ಟು ದಿನದಿಂದ?"

ಅವನು ಮೊದಲು ಏನು ಎತ್ತ ತಿಳಿಯದವನಂತೆ ನಟಿಸಿದ. ಆಮೇಲೆ ದಾರಿಯ ಬದಿಯ ಹುಲ್ಲು ಕೀಳುತ್ತ ಹೇಳಿದ. "ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದು ಪರವಾಗಿಲ್ಲ."

"ಯಾವುದು ಹೋಗಿದ್ದು?"

"ನೀನು ಯಾವಾಗ್ಲೂ ಬೈಯೋ ಕಡೇದು."

"ತಮಾಷೆ ಮಾಡ್ಬೇಡ. ನಾನು ಮೇಲಿಂದ ಕೂಗಿದ್ರೆ ನಿಂಗೆ ಕೇಳ್ಬೇಕು ತಾನೆ?"

"ಹಗ್ಗ ಜಗ್ಗು. ಹಗ್ಗ ನನಗೆ ಚೆನ್ನಾಗೇ ಕೇಳುತ್ತೆ." ಆಮೇಲೆ ದನಿ ಇಳಿಸಿ, "ಅಕ್ಕಾ, ಈ ಬುರುಜೊಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ಈಗ ಹೇಳಿದ್ರೆ ನನ್ನ ಗೋಡೆಯಿಂದ ಇಳಿಸಿಬಿಡ್ತಾರೆ. ನನಗೆ ಬೇರೆ ಏನು ಬರುತ್ತೆ ಹೇಳು?"

ಅವಳು ಹೂಂ ಎಂದಳು. ಹಗ್ಗ ಒಮ್ಮೆ ಜಗ್ಗಿದರೆ ತಾಳು, ಎರಡು ಸಲ ಜಗ್ಗಿದರೆ ಮೇಲೆ ಬಾ ಅಥವಾ ಮೇಲೆಳಿ ಎಂದು ಗುರುತು ಮಾಡಿಕೊಂಡರು. ಇಂಜಿನಿಯರ್ ಎದುರಾದರೆ ಅವಳು ಬೇರೆ ದಾರಿ ಹಿಡಿಯುತ್ತಿದ್ದಳು. ಗಾರೆಯಜ್ಜ ಒಂದು ದಿನ ಸನಿಕೆ ನಿಲ್ಲಿಸಿ, "ಏನಮ್ಮ, ಈಗೀಗ ಬಿಗಿಯಾಗಿದೆಯಾ ಅಂತ ಒಂದು ಸಲಾನೂ ಕೇಳ್ತಿಲ್ಲ?" ಎಂದ. ಕೇಳಿದರೂ ತಮ್ಮನಿಗೆ ಕೇಳಿಸುವುದಿಲ್ಲ ಎಂದು ಹೇಗೆ ಹೇಳುವುದು? ಅವಳು ಈಗ ಬಾಯಿ ಬಿಡದೆ ಗಂಟುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು.

ಮರದ ಕೊಂಬೆಗಳೆಲ್ಲ ಇಳಿದವು, ಕಾಂಡವೂ ಇಳಿಯಿತು. ಬೇರಿನ ಕೆಲಸ ಶುರುವಾದ ದಿನ ಗಾಳಿ ಇರಲಿಲ್ಲ, ಬಿಸಿಲು ಸುಡುತ್ತಿತ್ತು. ಬುರುಜಿನ ಮೇಲೆ ಗಾರೆಯಜ್ಜನೂ, ಕೋಟೆಯ ಅಳತೆ ತೆಗೆಯಲು ಬಂದಿದ್ದ ಇತಿಹಾಸದ ಮೇಡಮ್ಮೂ ಇದ್ದರು. ತಮ್ಮ ಅಡ್ಡಗೋಡೆಯ ಕಿಂಡಿಯ ಪಕ್ಕದಿಂದ ಇಳಿದುಹೋದ. ಬಿಗಿಯಕ್ಕನ ಕಣ್ಣು ಹಗ್ಗ ಮಡಚುವ ಅಂಚಿನ ಕಲ್ಲಿನ ಮೇಲೇ ಇತ್ತು.

ಆ ಕಲ್ಲಿನ ಕೆಳಗಿನ ಸಂದಿಯಿಂದ ಸಣ್ಣಗೆ ಮಣ್ಣು ಉದುರುವುದು ಕಂಡಿತು. ಹಿಟ್ಟು ಜರಡಿ ಹಿಡಿದ ಹಾಗೆ. ಒಂದು ಕ್ಷಣ ನಿಂತು, ಮತ್ತೆ ಉದುರಿತು.

"ಏ ತಮ್ಮಾ!" ಎಂದು ಚೀರಿದಳು. ಚೀರಿದ ಮೇಲೆ ನೆನಪಾಯಿತು. ಎರಡು ಸಲ ಹಗ್ಗ ಜಗ್ಗಿದಳು. ಕೆಳಗಿನಿಂದ ಒಂದೇ ಸಲ ಜಗ್ಗು ಬಂತು: ತಾಳು. ಅವಳು ಮತ್ತೆ ಎರಡು ಸಲ ಜಗ್ಗಿದಳು. ಮತ್ತೆ ಅದೇ ಉತ್ತರ, ಈ ಸಲ ಸಿಡುಕಿನಿಂದ. ಅಂಚಿನ ಕಲ್ಲು ಉಗುರಿನಷ್ಟು ಮುಂದಕ್ಕೆ ಜರುಗಿತು.

"ಹಿಡೀರಿ! ಎಳೀರಿ! ಅವನಿಗೆ ಕೇಳಲ್ಲ, ಅವನಿಗೆ ಕಿವಿ ಕೇಳಲ್ಲ!"

ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತು ಹಾಗೆ ಹೊರಗೆ ಬಿತ್ತು. ಗಾರೆಯಜ್ಜ ಸನಿಕೆ ಬಿಸಾಡಿ ಬಂದ. ಮೇಡಂ ಅಳತೆಪಟ್ಟಿ ಬಿಟ್ಟು ಬಂದರು. ಮೂವರೂ ಸೇರಿ, ಹಗ್ಗವನ್ನು ಆ ಕಲ್ಲಿನಿಂದ ಪಕ್ಕಕ್ಕೆ ಸರಿಸಿಕೊಂಡು, ಹಿಂದಕ್ಕೆ ಬಾಗಿ ಎಳೆದರು. ಬೈಯುತ್ತಲೇ ಮೇಲೆ ಬಂತು ತಮ್ಮನ ತಲೆ. "ಏನಕ್ಕಾ ನಿಂದು! ಅಲ್ಲಿ ಏನಿದೆ ಗೊತ್ತಾ—" ಎಂದು ಅವನು ಹೊಟ್ಟೆಯ ಮೇಲೆ ಅಂಚು ದಾಟುತ್ತಿದ್ದಾಗ ಅಡ್ಡಗೋಡೆಯ ಒಂದು ತುಂಡು ಕಲ್ಲಿನ ಸಮೇತ ಮಗುಚಿಕೊಂಡಿತು. ಅವನ ಪಾದ ಇನ್ನೂ ಆಚೆಗಿತ್ತು. ಕಲ್ಲು ಅದಕ್ಕೆ ಬಡಿದು ಹೋಯಿತು. ಕೆಳಗಿನ ಇಳಿಜಾರಿನಲ್ಲಿ ಅದು ಉರುಳುವ ಸದ್ದು ತುಂಬಾ ಹೊತ್ತು ಕೇಳಿಸಿತು. ರಸ್ತೆಗೆ ಮುಟ್ಟದೆ ಪೊದೆಗಳಲ್ಲಿ ನಿಂತಿತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಿಗಿಯಕ್ಕ ಕೆಳಗಿನ ಒಂದೊಂದು ಮನೆಯನ್ನೂ ಮನಸ್ಸಿನಲ್ಲೇ ಸುತ್ತಿ ಬಂದಿದ್ದಳು.

ಪಾದದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಇಂಜಿನಿಯರ್ ಅವಳ ಪಕ್ಕ ಕೂತ. ಅವಳು ಮುಚ್ಚಿಡದೆ ಎಲ್ಲ ಹೇಳಿದಳು.

"ಮೊದಲೇ ಹೇಳ್ಬೇಕಿತ್ತಲ್ವಾ?" ಎಂದ ಅವನು. ಗದರಲಿಲ್ಲ, ಗದರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಇನ್ನು ಅವರನ್ನ ಹಗ್ಗದ ಮೇಲೆ ಬಿಡೋಕಾಗಲ್ಲ."

"ಗೊತ್ತು," ಎಂದಳು.

ತಮ್ಮ ಮನೆಗೆ ಬಂದ. ಕಾಲಿಗೆ ಪ್ಲಾಸ್ಟರು, ಮುಖಕ್ಕೆ ಬೀಗ. ಹೆಂಡತಿಯೊಡನೆ ಮಾತಾಡುತ್ತಿದ್ದ, ಬೀದಿಯಲ್ಲಿ ಹೋಗುವವರೊಡನೆ ಮಾತಾಡುತ್ತಿದ್ದ, ಅಕ್ಕ ಕೋಣೆಗೆ ಬಂದರೆ ಕಿಟಕಿ ಕಡೆ ತಿರುಗುತ್ತಿದ್ದ. ನಾದಿನಿ ಮೆಟ್ಟಿಲ ಮೇಲೆ ಅವಳ ಕೈ ಹಿಡಿದುಕೊಂಡಳು.

"ನಂಗೆ ಮೊದಲೇ ಗೊತ್ತಿತ್ತು ಅಕ್ಕಾ. ನಾನೂ ಹೇಳ್ಲಿಲ್ಲ. ನೀವು ಕೂಗಿದ್ದು ಒಳ್ಳೇದಾಯ್ತು."

ಒಳ್ಳೆಯದಾಯಿತೆಂದು ಅವಳಿಗೂ ಗೊತ್ತು. ಆದರೂ ಅವನ ಬೆನ್ನು ಕಂಡಾಗಲೆಲ್ಲ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದಳು.

ಅವನು ಅಲ್ಲಿ ಕಂಡದ್ದೇನೆಂದು ಹೇಳಿದ್ದು ಇತಿಹಾಸದ ಮೇಡಂ ಮನೆಗೆ ಬಂದಾಗ. ಬೇರಿನ ಹಿಂದೆ, ಬುಡದ ದೊಡ್ಡ ಕಲ್ಲುಗಳ ಮೇಲುಸಾಲಿನಲ್ಲಿ, ಹಂಸಗಳು ಒಂದರ ಹಿಂದೊಂದು ನಡೆದುಹೋಗುತ್ತಿವೆ. ಕೆತ್ತಿದವನು ನಿನ್ನೆ ಮೊನ್ನೆ ಎದ್ದುಹೋದ ಹಾಗೆ ಇವೆ. "ಆ ಎತ್ತರದಲ್ಲಿ ಯಾರು ನೋಡ್ತಾರೆ ಅಂತ ಕೆತ್ತಿದ್ರು?" ಎಂದು ಅವನು ಕೇಳಿದ.

ಮೇಡಂ ಮರುದಿನ ಕೆಳಗಿನ ರಸ್ತೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ದೂರದ್ದನ್ನು ಹತ್ತಿರ ತೋರಿಸುವ ಮಸೂರದಲ್ಲಿ ಚಿತ್ರ ತೆಗೆದು, ಹಳೆಯ ನಕ್ಷೆಗಳೊಡನೆ ಹೋಲಿಸಿ ಉತ್ತರ ತಂದರು. ಅದು ಒಂದು ಕಾಲದಲ್ಲಿ ಎತ್ತರವಾಗಿರಲಿಲ್ಲ. ಅಲ್ಲೇ ಕೋಟೆಯ ಮೊದಲ ದಾರಿ ಇತ್ತು. ಜನ, ಕುದುರೆ, ನೀರು ಹೊತ್ತವರು ಎಲ್ಲರೂ ಆ ಹಂಸಗಳ ಪಕ್ಕದಲ್ಲೇ ಹತ್ತಿ ಬರುತ್ತಿದ್ದರು. ಯಾವುದೋ ದೊಡ್ಡ ಮಳೆಯಲ್ಲಿ ಬೆಟ್ಟದ ಆ ಮಗ್ಗುಲೇ ಕುಸಿದು ಹೋಯಿತು. ದಾರಿ ಹೋಯಿತು, ಗೋಡೆ ಉಳಿಯಿತು. ಮುಂದೆ ಬಂದವರು ಬಾಗಿಲನ್ನು ಇನ್ನೊಂದು ಕಡೆ ತೆರೆದರು.

ತಮ್ಮನಿಗೆ ಅದು ಸೋಜಿಗದ ಕತೆಯಾಯಿತು. ಬಿಗಿಯಕ್ಕನ ಕಿವಿಗೆ ಬಿದ್ದದ್ದು ಒಂದೇ: ಇಷ್ಟು ವರ್ಷ ತಮ್ಮ ತೂಗಾಡುತ್ತಿದ್ದ ಜಾಗದಲ್ಲಿ ಹಿಂದೆ ನೆಲ ಇತ್ತು, ಅದು ಒಂದು ಮಳೆಗೆ ಹೋಯಿತು.

ಮಳೆಗಾಲ ಬಾಗಿಲಿಗೆ ಬಂದಿತ್ತು. ಇಂಜಿನಿಯರ್ ಮೇಲಿನ ಅಡ್ಡಗೋಡೆಗೆ ಮರದ ಆಸರೆಗಂಬಗಳ ಊರೆ ಕೊಡಿಸಿ, ಹಗ್ಗಕ್ಕೆ ಒಳಗಿನ ಬಂಡೆಯಲ್ಲಿ ಹೊಸ ಕಬ್ಬಿಣದ ಬಳೆ ಕೂರಿಸಿದ. ಹೊರ ಊರಿನ ಹಗ್ಗದ ತಂಡ ಮಳೆ ಮುಗಿದ ಮೇಲೆಯೇ ಬರುವುದಾಗಿ ತಿಳಿಸಿತು. ಬೇರಿನ ಅರ್ಧ ಇನ್ನೂ ಒಳಗಿತ್ತು. ಈಗ ಅದು ಸತ್ತ ಬೇರು. ನೀರು ಕುಡಿದು ಕೊಳೆತರೆ ಕಲ್ಲುಗಳ ನಡುವೆ ಟೊಳ್ಳು ಬೀಳುತ್ತದೆ.

"ಭಾರದ ಆಳು ಇಳಿದ್ರೂ ಕಷ್ಟ," ಎಂದ ಇಂಜಿನಿಯರ್ ಗಾರೆಯಜ್ಜನಿಗೆ. "ಕಾಲೂರಿದ್ರೆ ಕಲ್ಲು ಅಲುಗುತ್ತೆ."

ಬಿಗಿಯಕ್ಕ ಪಕ್ಕದಲ್ಲಿ ಹಗ್ಗ ಸುರುಳಿ ಸುತ್ತುತ್ತಿದ್ದಳು. "ನಾನು ಇಳೀತೀನಿ," ಎಂಬ ಮಾತು ಅವಳ ಬಾಯಿಂದ ಬಂತು. ಯಾರು ಆಡಿದರೆಂದು ಅವಳೇ ತಿರುಗಿ ನೋಡುವಂತಿತ್ತು. ಇಂಜಿನಿಯರ್ ಆಗುವುದಿಲ್ಲವೆಂದ. ಆದರೆ ಅವಳ ತೂಕ ಕಡಿಮೆ, ಕೊಯ್ಯುವ ಕ್ರಮ ಗೊತ್ತು, ಹಗ್ಗದ ಮಾತು ಗೊತ್ತು. ಎರಡು ದಿನ ಯೋಚಿಸಿ, ಎರಡನೆಯ ಹಗ್ಗವೊಂದನ್ನು ಕಾವಲಿಗೆ ಕಟ್ಟಬೇಕೆಂಬ ಷರತ್ತಿನ ಮೇಲೆ ಅವನು ಒಪ್ಪಿದ.

ಮನೆಯಲ್ಲಿ ಸುದ್ದಿ ತಿಳಿದಾಗ ತಮ್ಮ ಊಟದ ತಟ್ಟೆ ಸರಿಸಿ, ಊರುಗೋಲು ಹಿಡಿದು ಎದ್ದು ನಿಂತ. ಅಷ್ಟು ದಿನಗಳ ಮೇಲೆ ಅಕ್ಕನ ಮುಖ ನೋಡಿ ಮಾತಾಡಿದ.

"ಹಗ್ಗ ನಾನು ಹಿಡೀತೀನಿ. ಬೇರೆ ಯಾರೂ ಮುಟ್ಟಕೂಡದು."

"ನಿನ್ನ ಕಾಲು—"

"ಕಾಲಲ್ಲಿ ಹಿಡಿಯಲ್ಲ, ಕೈಯಲ್ಲಿ ಹಿಡೀತೀನಿ."

ಬೆಳಿಗ್ಗೆ ಅವನನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿ ಮೇಲಕ್ಕೆ ತಂದರು. ಅವನು ಹೊಸ ಕಬ್ಬಿಣದ ಬಳೆಯ ಹಿಂದೆ ಪ್ಲಾಸ್ಟರಿನ ಕಾಲು ಚಾಚಿ ಕೂತ. ಕಾವಲು ಹಗ್ಗ ಗಾರೆಯಜ್ಜನ ಕೈಯಲ್ಲಿ. ಬಿಗಿಯಕ್ಕ ಅಂಚಿಗೆ ಬೆನ್ನು ಮಾಡಿ ನಿಂತಳು. ಹಿಂದಕ್ಕೆ ಒರಗಬೇಕು, ಕಾಲು ಗೋಡೆಗೆ ಕೊಡಬೇಕು. ಇದನ್ನು ತಮ್ಮನಿಗೆ ಎಷ್ಟು ಸಲ ಹೇಳಿದ್ದಳೋ. ಕಣ್ಣು ಮುಚ್ಚಿ ಒರಗಿದಳು. ಹಗ್ಗ ಭಾರ ಹಿಡಿಯಿತು.

ಕಣ್ಣು ತೆರೆದಾಗ ಮೂಗಿನ ಮುಂದೆ ಇಟ್ಟಿಗೆ. ಆಮೇಲೆ ಗಾರೆಯ ಕಲ್ಲು. ಅದರ ಮೇಲೆ ಅಲ್ಲಲ್ಲಿ ಬೆರಳ ಗುರುತು, ಹಸಿ ಗಾರೆಯನ್ನು ಯಾರೋ ಕೈಯಲ್ಲೇ ಒತ್ತಿದ್ದು. ಆಮೇಲೆ ದೊಡ್ಡ ಕಲ್ಲುಗಳು ಬಂದವು, ಅವುಗಳ ಜೊತೆ ಹಂಸಗಳು. ಹತ್ತಿರದಲ್ಲಿ ನೋಡಿದರೆ ಒಂದರ ಹಾಗೆ ಇನ್ನೊಂದಿರಲಿಲ್ಲ. ಒಂದು ಕೊಕ್ಕಿನಿಂದ ರೆಕ್ಕೆ ಕೆರೆದುಕೊಳ್ಳುತ್ತಿತ್ತು. ಒಂದು ಮುಂದಿನದರ ಬಾಲ ಕಚ್ಚಲು ಕತ್ತು ಚಾಚಿತ್ತು. ಗರಿಗಳ ಅಂಚಿನಲ್ಲಿ ಉಳಿಯ ಸಣ್ಣ ಸಣ್ಣ ಕಚ್ಚುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸಾಲಿನ ಕೊನೆಯಲ್ಲಿ ಒಂದು ಹಂಸಕ್ಕೆ ಬರೀ ಗೆರೆ ಇತ್ತು, ಒಡಲು ಕೆತ್ತಿರಲಿಲ್ಲ. ಕೆತ್ತುವವನನ್ನು ಯಾರೋ ಕರೆದಿರಬೇಕು, ಇಲ್ಲವೇ ಕಾಯಿಲೆ ಬಿದ್ದಿರಬೇಕು ಎಂದುಕೊಂಡಳು. ಒಂದು ಗಳಿಗೆ ಕಾಲ ಕೆಳಗೇನೂ ಇಲ್ಲವೆಂಬುದೇ ಮರೆತಿತ್ತು.

ಆಮೇಲೆ ಕೆಳಗೆ ನೋಡಿಬಿಟ್ಟಳು. ರಸ್ತೆ ದಾರದಂತೆ, ಮನೆಗಳು ಬೆಂಕಿಪೆಟ್ಟಿಗೆಯಂತೆ. ಮೈಯೆಲ್ಲ ಗಡಗಡ ನಡುಗಲು ಶುರುವಾಯಿತು. ಆ ನಡುಕ ಹಗ್ಗ ಹತ್ತಿ ಮೇಲಕ್ಕೆ ಹೋಯಿತು. ಎರಡು ಜಗ್ಗಲ್ಲ, ಇಪ್ಪತ್ತು ಜಗ್ಗು! ಮುಂದಿನ ಕ್ಷಣ ಅವಳು ಸರಸರನೆ ಮೇಲಕ್ಕೆ ಹೋಗುತ್ತಿದ್ದಳು. ಗರಗಸ ಇನ್ನೂ ಪಟ್ಟಿಯಿಂದ ಹೊರಗೇ ಬಂದಿರಲಿಲ್ಲ.

"ಏನಾಯ್ತು? ಏನಾಯ್ತಕ್ಕಾ?" ತಮ್ಮನ ಮುಖ ಬಿಳಿಚಿಕೊಂಡಿತ್ತು.

"ಏನೂ ಆಗ್ಲಿಲ್ಲ, ನಡುಗ್ತಾ ಇದ್ದೆ!"

ಅವನು ಅವಳ ತುಟಿ ನೋಡಿ ಅರ್ಥಮಾಡಿಕೊಂಡ. ಮೊದಲು ಗಾರೆಯಜ್ಜ ನಕ್ಕ, ಆಮೇಲೆ ತಮ್ಮ ನಕ್ಕ, ನಗುತ್ತ ಕಣ್ಣು ಒರೆಸಿಕೊಂಡ. "ದಿನಾ ನಾನೂ ನಡುಗ್ತಿದ್ದೆ," ಎಂದ. "ಎಲ್ಲಾ ದಿನಾನೂ. ನೀನು ಗಾಳಿ ಅನ್ಕೊಂಡಿದ್ದೆ."

ಅವಳು ಅವನನ್ನು ದಿಟ್ಟಿಸಿದಳು. ನೀರು ಕುಡಿದು ಮತ್ತೆ ಇಳಿದಳು.

ಆ ದಿನ ಬೇರಿನ ಒಂದು ತುದಿ ಮಾತ್ರ ಕೊಯ್ಯಲಾಯಿತು. ತೋಳು ಸೋತು, ಅಳು ಬಂದು, ಮೇಲಕ್ಕೆ ಕರೆಸಿಕೊಂಡಳು. ಮರುದಿನ ಇನ್ನಷ್ಟು. ಬೇರಿನ ತುಂಡು ಹೊರಬಂದ ಕಡೆಯೆಲ್ಲ ಗಾರೆಯಜ್ಜ ಕಳಿಸಿದ ಕಲ್ಲಿನ ಚಕ್ಕೆಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದಳು. ಬಡಿದಾಗೊಮ್ಮೆ ಒಳಗಿನಿಂದ ಏನಾದರೂ ಸರಿಯುವ ಸದ್ದು ಬರುತ್ತದೆಯೇ ಎಂದು ಕಲ್ಲಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಕೊನೆಯ ತುಂಡನ್ನು ಬುಟ್ಟಿಯಲ್ಲಿ ಮೇಲೆ ಕಳಿಸಿದ ದಿನ ಮೋಡ ಕಟ್ಟಿತ್ತು. ಒಂದು ಚಕ್ಕೆ ಸರಿಯಾಗಿ ಕೂತಿರಲಿಲ್ಲವೆಂದು ಅವಳಿಗೆ ಅನುಮಾನ. ಇಂಜಿನಿಯರ್ ಸಾಕೆಂದ.

ಮಳೆ ಒಂದು ಮಧ್ಯಾಹ್ನ ಒಮ್ಮೆಲೇ ಸುರಿಯಿತು. ಎಲ್ಲರೂ ಅಡುಗೆಮನೆಯಲ್ಲಿದ್ದರು. ಕೋಟೆ ಕಾಣುತ್ತಿರಲಿಲ್ಲ, ಕಿಟಕಿಯಾಚೆ ಬರೀ ಬೂದು ನೀರು. ಬಿಗಿಯಕ್ಕ ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ಆಲಿಸುತ್ತಿದ್ದಳು. ಗುಡುಗು ಯಾವುದು, ಕಲ್ಲು ಉರುಳುವುದು ಯಾವುದು? ತಮ್ಮ ಎದುರಿನ ಸ್ಟೂಲಿನ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಹುಬ್ಬು ಗಂಟಿಕ್ಕಿದರೆ ಅವನ ಹುಬ್ಬೂ ಗಂಟಿಕ್ಕುತ್ತಿತ್ತು.

"ಜೋರಾಗಿದೆಯಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು.

"ಬಿತ್ತಾ ಏನಾದ್ರೂ?"

"ಗೊತ್ತಾಗ್ತಿಲ್ಲ ಕಣೋ," ಎಂದಳು, ಬಾಯಿ ಅಗಲಿಸಿ, ಅವನಿಗೆ ತಿಳಿಯುವ ಹಾಗೆ.

ನಾದಿನಿ ಇಬ್ಬರ ಕೈಗೂ ಟೀ ಲೋಟ ಕೊಟ್ಟಳು. ಯಾರೂ ಕುಡಿಯಲಿಲ್ಲ.

ಮಳೆ ನಿಂತ ಮೇಲೆ ಬಿಗಿಯಕ್ಕ ಮೊದಲು ರಸ್ತೆಗೆ ಓಡಿದಳು. ಬುರುಜಿನ ಬುಡದಿಂದ ಒಂದಿಷ್ಟು ಕೆಮ್ಮಣ್ಣು ಕೊಚ್ಚಿ ಬಂದು ಚರಂಡಿ ತುಂಬಿತ್ತು. ಊರೆ ಕೊಟ್ಟಿದ್ದ ಅಡ್ಡಗೋಡೆಯಿಂದ ಕೆಲವು ಇಟ್ಟಿಗೆ ಬಿದ್ದಿದ್ದವು. ಬುರುಜು ನಿಂತಿತ್ತು. ಹೊಟ್ಟೆ ಹಾಗೇ ಇತ್ತು, ಹೆಚ್ಚಿರಲಿಲ್ಲ.

ಆ ಮಳೆಗಾಲವಿಡೀ ಅವಳು ಹಾಗೆಯೇ ರಸ್ತೆಗೆ ಓಡಿ ಓಡಿ ನೋಡಿದಳು. ಮಳೆ ಮುಗಿದ ಮೇಲೆ ಹೊರ ಊರಿನ ತಂಡ ಬಂದು ಬುರುಜಿಗೆ ಕಬ್ಬಿಣದ ಸರಳು ಹಾಕಿ ಹೋಯಿತು. ಅವಳು ತುಂಬಿದ ಚಕ್ಕೆಗಳಲ್ಲಿ ಒಂದನ್ನು ತೆಗೆದು ಬೇರೆ ಹಾಕಬೇಕಾಯಿತು, ಉಳಿದವು ಹಾಗೇ ನಿಂತವು. ತಮ್ಮನಿಗೆ ಕಿವಿಯ ಯಂತ್ರ ಬಂತು. ಅಕ್ಕ ಬುದ್ಧಿ ಹೇಳಲು ಶುರುಮಾಡಿದರೆ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದನ್ನು ಅವನು ಬೇಗ ಕಲಿತ. ಈಗ ಅವನು ಗಾರೆಯಜ್ಜನ ಹತ್ತಿರ ಸುಣ್ಣ ಕಲಸುತ್ತಾನೆ. ಗೋಡೆಯಿಂದ ಇಳಿಸಿದರೆಂಬ ಸಿಟ್ಟು ಪೂರ್ತಿ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಬೆಟ್ಟ ಹತ್ತುವಾಗ ಅಕ್ಕನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಾನೆ. ಅಡ್ಡಗೋಡೆಯ ಹತ್ತಿರ ಬಂದಾಗ ಮಾತ್ರ ಇಬ್ಬರೂ ಒಂದೊಂದು ಕಡೆ ಕೂತು, ರಾತ್ರಿ ಬಿದ್ದ ಮಣ್ಣೇನಾದರೂ ಇದೆಯೇ ಎಂದು ಕೈಯಾಡಿಸಿ ನೋಡಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.